ಶಾಲೆಯ ಸುತ್ತಲಿನ ತಿಂಡಿ, ಜಾಹೀರಾತು, ನಿಯಮ: ಮಕ್ಕಳ ಬೊಜ್ಜಿನ ವಿಚಾರದಲ್ಲಿ ಪೋಷಕರು ಏನು ಮಾಡಬಹುದು?

“ಮನೆಯಲ್ಲಿ ಎಲ್ಲ ಹದವಾಗಿಯೇ ಇದೆ. ಗೇಟು ದಾಟಿದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಶಾಲೆಯವರನ್ನು ಕೇಳಿದರೆ ಮನೆಯಲ್ಲೇ ಅಭ್ಯಾಸ ಮಾಡಿಸಿ ಅಂತಾರೆ, ಸ್ಥಳೀಯ ಆಡಳಿತದವರನ್ನು ಕೇಳಿದರೆ ಅದು ಶಾಲೆಯ ವಿಚಾರ ಅಂತಾರೆ. ಎಲ್ಲಿಂದ ಶುರು ಮಾಡೋದು?” ಪೋಷಕರಿಂದ ಹೆಚ್ಚೂಕಡಿಮೆ ಇದೇ ಮಾತಿನಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ಮಗುವಿನ ಊಟದ ಪಟ್ಟಿ ಈ ಲೇಖನದಲ್ಲಿ ಸಿಗುವುದಿಲ್ಲ. ಮಗು ದಿನವಿಡೀ ಓಡಾಡುವ ಜಾಗದಲ್ಲಿ ಯಾರು ಏನನ್ನು ಮಾರುತ್ತಿದ್ದಾರೆ, ಅದಕ್ಕೆ ಯಾರ ಅನುಮತಿ ಇದೆ, ಅದನ್ನು ಬದಲಿಸುವುದು ಹೇಗೆ ಎನ್ನುವುದಷ್ಟೇ ಇಲ್ಲಿರುವುದು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 5ರಿಂದ 19 ವರ್ಷದವರಲ್ಲಿ ಅತಿತೂಕ ಇರುವವರ ಪ್ರಮಾಣ 1990ರಲ್ಲಿ ಶೇ. 8 ಇತ್ತು, 2022ಕ್ಕೆ ಶೇ. 20 ಆಯಿತು. ಅಂದರೆ 39 ಕೋಟಿಗೂ ಹೆಚ್ಚು ಮಕ್ಕಳು, ಅವರಲ್ಲಿ 16 ಕೋಟಿ ಮಕ್ಕಳಿಗೆ ಬೊಜ್ಜು. ಮೂರು ದಶಕದಲ್ಲಿ ಮನುಷ್ಯನ ವಂಶವಾಹಿ ಬದಲಾಗುವುದಿಲ್ಲ. ಕೋಟ್ಯಂತರ ಮನೆಗಳ ತಂದೆತಾಯಂದಿರು ಏಕಕಾಲಕ್ಕೆ ಅಸಡ್ಡೆಯವರಾದರು ಎನ್ನುವುದೂ ನಂಬುವ ಮಾತಲ್ಲ. ಬದಲಾಗಿದ್ದು ಸುತ್ತಮುತ್ತಲು.

ಮೊದಲು ಕೆಲವು ಪದಗಳು

ಬಿಎಂಐ ಎಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ. ದೊಡ್ಡವರಿಗೆ 25, 30 ಎಂಬ ಗೆರೆಗಳಿವೆ. ಮಕ್ಕಳಿಗೆ ಅವು ಅನ್ವಯಿಸುವುದಿಲ್ಲ. ಮಕ್ಕಳ ಬಿಎಂಐಯನ್ನು ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳ ಬೆಳವಣಿಗೆ ಪಟ್ಟಿಯ ಜೊತೆ ಹೋಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 5ರಿಂದ 19 ವರ್ಷದವರಿಗೆ ನಡುಗೆರೆಯಿಂದ ಒಂದು ಪ್ರಮಾಣಿತ ವಿಚಲನೆ (ನಡುಗೆರೆಯಿಂದ ಎಷ್ಟು ದೂರ ಎಂದು ಅಳೆಯುವ ಮಾನ) ಮೇಲೆ ಹೋದರೆ ಅತಿತೂಕ, ಎರಡು ಮೇಲೆ ಹೋದರೆ ಬೊಜ್ಜು. ಈ ಲೆಕ್ಕ ವೈದ್ಯರ ಕೈಯಲ್ಲಿರಲಿ.

‘ಸೇರಿಸಿದ ಸಕ್ಕರೆ’ ಎಂದು ಮುಂದೆ ಬಂದಲ್ಲೆಲ್ಲ ತಯಾರಿಕೆಯಲ್ಲಿ ಹಾಕಿದ ಸಕ್ಕರೆಯ ಜೊತೆಗೆ ಜೇನುತುಪ್ಪ, ಸಿರಪ್, ಹಣ್ಣಿನ ರಸದಲ್ಲಿರುವ ಸಕ್ಕರೆಯೂ ಸೇರಿದೆ ಎಂದು ತಿಳಿಯಿರಿ. ಇಡೀ ಹಣ್ಣಿನದು, ಹಾಲಿನದು ಇದರಲ್ಲಿ ಬರುವುದಿಲ್ಲ. ‘ಮಿತಿ ಪಟ್ಟಿ’ ಎಂದರೆ ಯಾವ ತಿಂಡಿಯಲ್ಲಿ ಸಕ್ಕರೆ, ಕೊಬ್ಬು, ಉಪ್ಪು ಎಷ್ಟು ದಾಟಿದರೆ ಅದನ್ನು ‘ಹೆಚ್ಚು’ ಎನ್ನಬೇಕೆಂದು ಅಂಕಿಯಲ್ಲಿ ಹೇಳುವ ಪಟ್ಟಿ. ಈ ಕೆಲಸದಲ್ಲಿ ನಿಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಏನೇನು ಬೇಕು

ಮೂರರಿಂದ ಐದು ಜನ ಸಾಕು. ಅವರಲ್ಲಿ ಒಬ್ಬ ಶಿಕ್ಷಕರೋ ಶಾಲಾ ಸಮಿತಿಯ ಸದಸ್ಯರೋ ಇದ್ದರೆ ಅರ್ಧ ದಾರಿ ಸುಗಮ. ಕ್ಯಾಮೆರಾ ಮತ್ತು ನಕ್ಷೆ ಇರುವ ಫೋನು, ಗೆರೆ ಎಳೆದ ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್ ಇರಲಿ. ಜೊತೆಗೆ ಎರಡು ಕಾಗದಗಳನ್ನು ಮೊದಲ ವಾರದಲ್ಲೇ ಕೇಳಿಡಿ: ಶಾಲೆಯ ಕ್ಯಾಂಟೀನ್ ಗುತ್ತಿಗೆ ಪತ್ರದ ಪ್ರತಿ, ಮತ್ತು ಸ್ಥಳೀಯ ಸಂಸ್ಥೆಯ ಜಾಹೀರಾತು ಫಲಕಗಳ ನಿಯಮ. ಎರಡನ್ನೂ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಇವು ಕೈಸೇರಲು ಹಿಡಿಯುವ ಸಮಯವೇ ಇಡೀ ಕೆಲಸದಲ್ಲಿ ದೊಡ್ಡ ವಿಳಂಬ.

ಹಂತ 1: ತಕ್ಕಡಿಯನ್ನು ಪಕ್ಕಕ್ಕಿಡಿ

ಉತ್ಸಾಹದಲ್ಲಿ ಹೊರಟವರು ಮೊದಲು ಮಾಡುವ ಕೆಲಸ, ಶಾಲೆಯಲ್ಲಿ ಎಲ್ಲ ಮಕ್ಕಳ ತೂಕ ನೋಡಿ ಮನೆಗೆ ಚೀಟಿ ಕಳಿಸುವುದು. ಇದನ್ನು ಬಿಡಿ. ಅಮೆರಿಕದ ಆರ್ಕನ್ಸಾಸ್ ರಾಜ್ಯ 2003ರಲ್ಲಿ ಇಂಥ ಚೀಟಿಯನ್ನು ಕಾನೂನಾಗಿಯೇ ತಂದಿತು, ಬೇರೆ ರಾಜ್ಯಗಳೂ ಹಿಂಬಾಲಿಸಿದವು. ಮುಂದೆ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚೀಟಿ ಹೋದ ಮನೆಗಳ ಮಕ್ಕಳ ತೂಕದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಶಾಲೆಯಲ್ಲಿ ತೂಕ ನೋಡಿಸಿಕೊಂಡ ಮಕ್ಕಳಿಗೆ ತಮ್ಮ ಮೈಯ ಬಗ್ಗೆ ಇದ್ದ ಸಮಾಧಾನ ಮಾತ್ರ ಕಡಿಮೆಯಾಯಿತು.

ಸಾಲಿನಲ್ಲಿ ನಿಲ್ಲಿಸಿ ತೂಕದ ಯಂತ್ರ ಹತ್ತಿಸಿದಾಗ ಹಿಂದಿರುವವರು ಸಂಖ್ಯೆ ಓದುತ್ತಾರೆ, ಮಧ್ಯಾಹ್ನದೊಳಗೆ ಅದೊಂದು ಅಡ್ಡಹೆಸರಾಗುತ್ತದೆ. ಹಂಗಿಸಿದ ಮಗು ತಿನ್ನುವುದನ್ನು ಬಿಡುವುದಿಲ್ಲ, ಮರೆಯಲ್ಲಿ ತಿನ್ನುತ್ತದೆ. ನಿಮ್ಮ ಮನವಿ, ಪೋಸ್ಟರ್, ಸಭೆಯ ಮಾತು ಯಾವುದರಲ್ಲೂ ದಪ್ಪ ಮಗುವಿನ ಚಿತ್ರವಾಗಲಿ ಉದಾಹರಣೆಯಾಗಲಿ ಬರಬಾರದು. ಅಳೆಯಬೇಕಾದದ್ದು ಅಂಗಡಿಯನ್ನು, ಫಲಕವನ್ನು, ಗುತ್ತಿಗೆಯನ್ನು.

ಹಂತ 2: ಎಣಿಕೆ

ಶಾಲೆಯ ಮುಖ್ಯ ಗೇಟಿನಿಂದ ಸುತ್ತಲೂ 400 ಮೀಟರ್ ದೂರದ ಗಡಿ ಹಾಕಿಕೊಳ್ಳಿ. ಇದು ಸುಮಾರು ಐದು ನಿಮಿಷದ ನಡಿಗೆ. ಇಂಗ್ಲೆಂಡಿನ ಹಲವು ಸ್ಥಳೀಯ ಆಡಳಿತಗಳು ಶಾಲೆಯ ಸುತ್ತ ಹೊಸ ಫಾಸ್ಟ್‌ಫುಡ್ ಅಂಗಡಿಗೆ ಕಡಿವಾಣ ಹಾಕಲು ಬಳಸುವ ಅಳತೆಯೂ ಇದೇ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸಾಲದು, ಮಕ್ಕಳು ನಿಜವಾಗಿ ನಡೆಯುವ ದಾರಿಯನ್ನು ಅಳೆಯಿರಿ. ಹಿಂದಿನ ಸಣ್ಣ ಗೇಟಿನ ಎದುರೇ ಅತಿ ಹೆಚ್ಚು ವ್ಯಾಪಾರ ಇರುವುದುಂಟು.

ಎರಡು ಹೊತ್ತು ಹೋಗಿ: ಶಾಲೆ ಶುರುವಾಗುವ ಮೊದಲಿನ ಅರ್ಧ ಗಂಟೆ, ಬಿಟ್ಟ ಮೇಲಿನ ಒಂದು ಗಂಟೆ. ವಾರದ ಎರಡು ಬೇರೆ ಬೇರೆ ದಿನ ಆದರೆ ಒಳ್ಳೆಯದು. ನೋಟ್‌ಬುಕ್ಕಿನಲ್ಲಿ ಐದು ಕಲಂ: ಜಾಗ, ಉತ್ಪನ್ನ, ಮಗುವಿನ ಕಣ್ಣಿನ ಮಟ್ಟದಲ್ಲಿದೆಯೇ, ಯಾವ ಆಮಿಷ, ಫೋಟೊ ಸಂಖ್ಯೆ.

‘ಆಮಿಷ’ದ ಕಲಂ ತುಂಬುವುದರಲ್ಲೇ ಹೆಚ್ಚಿನವರು ಎಡವುತ್ತಾರೆ, ಯಾಕೆಂದರೆ ಜಾಹೀರಾತು ಎಂದರೆ ದೊಡ್ಡ ಫಲಕ ಮಾತ್ರ ಎಂಬ ಭಾವನೆ ಇದೆ. ಪೊಟ್ಟಣದ ಮೇಲಿನ ಕಾರ್ಟೂನ್ ಪಾತ್ರ ಜಾಹೀರಾತು. ಒಳಗಿರುವ ಆಟಿಕೆ, ಸ್ಟಿಕ್ಕರ್, ಸ್ಕ್ಯಾನ್ ಮಾಡಿದರೆ ಸಿಗುವ ಆಟ ಜಾಹೀರಾತು. ‘ಎರಡು ಕೊಂಡರೆ ಒಂದು ಉಚಿತ’ ಎಂಬ ಚೀಟಿ, ಬಿಲ್ಲಿಂಗ್ ಕೌಂಟರಿನ ಪಕ್ಕದ ಚಾಕೊಲೇಟ್ ಕಪಾಟು, ಕಂಪನಿಯ ಹೆಸರು ಬರೆದ ಫ್ರಿಜ್, ಕ್ರೀಡಾಪಟುವಿನ ಚಿತ್ರ, ‘ವಿಟಮಿನ್‌ಯುಕ್ತ’ ಎಂಬ ದಪ್ಪಕ್ಷರ, ಎಲ್ಲವೂ. ಇವುಗಳ ಬಲವನ್ನು ಕಡೆಗಣಿಸಬೇಡಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಒಂದೇ ತಿಂಡಿಯನ್ನು ಎರಡು ಹೊದಿಕೆಯಲ್ಲಿ ಕೊಟ್ಟರು, ಒಂದು ಸಾದಾ, ಇನ್ನೊಂದು ಹೆಸರಾಂತ ಫಾಸ್ಟ್‌ಫುಡ್ ಕಂಪನಿಯದು. ಕಂಪನಿಯ ಹೊದಿಕೆಯಲ್ಲಿದ್ದದ್ದೇ ರುಚಿ ಎಂದ ಮಕ್ಕಳೇ ಹೆಚ್ಚು. ಕ್ಯಾರೆಟ್ಟಿನ ವಿಷಯದಲ್ಲೂ ಹಾಗೇ ಆಯಿತು, ಆ ಕಂಪನಿಯ ಅಂಗಡಿಗಳಲ್ಲಿ ಆಗ ಕ್ಯಾರೆಟ್ ಮಾರುತ್ತಲೇ ಇರಲಿಲ್ಲ.

ನಂತರ ಶಾಲೆಯ ಒಳಗೆ ಬನ್ನಿ. ಸ್ಕೋರ್ ಬೋರ್ಡಿನ ಮೇಲೆ ಯಾರ ಹೆಸರಿದೆ? ಕ್ರೀಡಾಕೂಟದ ಬ್ಯಾನರು, ಬಹುಮಾನದ ಚೀಲ, ವೇಳಾಪಟ್ಟಿಯ ಹಾಳೆ, ಉಚಿತವಾಗಿ ಬಂದ ನೋಟ್‌ಬುಕ್ ರಟ್ಟು, ‘ಪೌಷ್ಟಿಕತೆ ಪಾಠ’ದ ಕಿಟ್, ಓದಿನ ಸ್ಪರ್ಧೆಯಲ್ಲಿ ಗೆದ್ದವರಿಗೆ ಕೊಡುವ ತಿಂಡಿ ಕೂಪನ್ನು ಒಂದೊಂದನ್ನೂ ಬರೆದುಕೊಳ್ಳಿ. ಶಾಲೆಯವರಿಗೇ ಇದರಲ್ಲಿ ಅರ್ಧದಷ್ಟು ಕಣ್ಣಿಗೆ ಬಿದ್ದಿರುವುದಿಲ್ಲ.

ಉಳಿದದ್ದು ಪರದೆ. ಮಗುವಿನ ಪಕ್ಕ ಕೂತು ಅರ್ಧ ಗಂಟೆ ಅದು ನೋಡುವುದನ್ನೇ ನೋಡಿ. ತಿಂಡಿಯ ಹೆಸರೋ ಪೊಟ್ಟಣವೋ ಕಂಡಾಗಲೆಲ್ಲ ಒಂದು ಗೆರೆ ಹಾಕಿ. ವಿಡಿಯೊದ ನಡುವೆ ಬರುವ ಜಾಹೀರಾತಿಗಿಂತ, ಮಗು ಮೆಚ್ಚುವ ವ್ಯಕ್ತಿ ಮಾತಾಡುತ್ತಲೇ ಬಾಯಿಗೆ ಹಾಕಿಕೊಳ್ಳುವ ತಿಂಡಿಯನ್ನು ಗಮನಿಸಿ. ಅದು ಜಾಹೀರಾತು ಎಂದು ಮಗುವಿಗೆ ಅನ್ನಿಸುವುದೇ ಇಲ್ಲ.

ಎಚ್ಚರಿಕೆ: ಫೋಟೊದಲ್ಲಿ ಮಕ್ಕಳ ಮುಖ ಬರಬಾರದು. ಅಂಗಡಿಯವರನ್ನು ಗದರಿಸುವುದು, ಹೆಸರು ಹಿಡಿದು ಗುಂಪಿನಲ್ಲಿ ಹಾಕುವುದು ಬೇಡ. ಅವರು ಕಾನೂನಿನೊಳಗೇ ವ್ಯಾಪಾರ ಮಾಡುತ್ತಿರಬಹುದು, ಮುಂದೆ ಅವರ ಸಹಕಾರವೂ ಬೇಕಾಗುತ್ತದೆ.

ಹಂತ 3: ಪೊಟ್ಟಣದ ಹಿಂಬದಿ ಓದುವುದು

ಎಣಿಕೆಯಲ್ಲಿ ಅತಿ ಹೆಚ್ಚು ಸಲ ಬಂದ ಹತ್ತು ಉತ್ಪನ್ನಗಳನ್ನು ಆರಿಸಿ. ಇವುಗಳಲ್ಲಿ ಯಾವುದು ‘ಹೆಚ್ಚು’ ಎಂದು ನಿಮ್ಮ ಅಭಿಪ್ರಾಯದಿಂದ ಹೇಳಬೇಡಿ. ‘ಕುರುಕಲು ತಿಂಡಿ ಬೇಡ’ ಎಂದು ಬರೆದ ನಿಯಮ ಮೊದಲ ವಾದದಲ್ಲೇ ಬೀಳುತ್ತದೆ, ಯಾಕೆಂದರೆ ಕುರುಕಲು ಯಾವುದು ಎಂದು ಕೇಳಿದರೆ ಸಭೆಯಲ್ಲಿ ಹತ್ತು ಉತ್ತರ ಬರುತ್ತವೆ. ಅಂಕಿ ಬೇಕು.

ನಿಮ್ಮ ದೇಶದಲ್ಲಿ ಅಧಿಕೃತ ಮಿತಿ ಪಟ್ಟಿ ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆ (ವಿಶ್ವ ಆರೋಗ್ಯ ಸಂಸ್ಥೆಯ ಅಮೆರಿಕ ಖಂಡಗಳ ಅಂಗ) 2016ರಲ್ಲಿ ಕೊಟ್ಟ ಪಟ್ಟಿ ಲೆಕ್ಕಕ್ಕೆ ಸುಲಭ. ಒಟ್ಟು ಕ್ಯಾಲರಿಯಲ್ಲಿ ಸೇರಿಸಿದ ಸಕ್ಕರೆಯಿಂದ ಶೇ. 10 ಅಥವಾ ಹೆಚ್ಚು, ಒಟ್ಟು ಕೊಬ್ಬಿನಿಂದ ಶೇ. 30 ಅಥವಾ ಹೆಚ್ಚು, ಸ್ಯಾಚುರೇಟೆಡ್ ಕೊಬ್ಬಿನಿಂದ (ಬೆಣ್ಣೆ, ತುಪ್ಪ, ತಾಳೆ ಎಣ್ಣೆಯಲ್ಲಿ ಹೆಚ್ಚಿರುವ ಬಗೆಯ ಕೊಬ್ಬು) ಶೇ. 10 ಅಥವಾ ಹೆಚ್ಚು ಬಂದರೆ ಆ ಅಂಶ ‘ಹೆಚ್ಚು’. ಉಪ್ಪಿನಲ್ಲಿರುವ ಸೋಡಿಯಂ ಒಂದು ಕಿಲೋಕ್ಯಾಲರಿಗೆ 1 ಮಿಲಿಗ್ರಾಂ ಮುಟ್ಟಿದರೆ ಅದೂ ‘ಹೆಚ್ಚು’.

ಒಂದು ಕ್ರೀಮ್ ಬಿಸ್ಕತ್ತಿನ ಪೊಟ್ಟಣದ ಹಿಂದೆ 100 ಗ್ರಾಮಿಗೆ ಹೀಗಿದೆ ಎಂದುಕೊಳ್ಳಿ: 480 ಕಿಲೋಕ್ಯಾಲರಿ, ಸಕ್ಕರೆ 26 ಗ್ರಾಂ, ಕೊಬ್ಬು 20 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 9.5 ಗ್ರಾಂ, ಸೋಡಿಯಂ 350 ಮಿಲಿಗ್ರಾಂ. ಸಕ್ಕರೆ ಗ್ರಾಮಿಗೆ 4, ಕೊಬ್ಬು ಗ್ರಾಮಿಗೆ 9 ಕಿಲೋಕ್ಯಾಲರಿ ಕೊಡುತ್ತದೆ.

ಸಕ್ಕರೆ: 26 × 4 = 104; 480ರಲ್ಲಿ ಸುಮಾರು ಶೇ. 22. ಹೆಚ್ಚು.
ಒಟ್ಟು ಕೊಬ್ಬು: 20 × 9 = 180; ಶೇ. 37.5. ಹೆಚ್ಚು.
ಸ್ಯಾಚುರೇಟೆಡ್ ಕೊಬ್ಬು: 9.5 × 9 = 85.5, ಸುಮಾರು ಶೇ. 18. ಹೆಚ್ಚು.
ಸೋಡಿಯಂ: 350 ÷ 480 = 0.73. ಮಿತಿಯೊಳಗೆ.

ನಾಲ್ಕರಲ್ಲಿ ಮೂರು ದಾಟಿದವು. ಇಂಥ ಹತ್ತು ಸಾಲಿನ ಹಾಳೆ ನಿಮ್ಮ ಕೈಯಲ್ಲಿದ್ದರೆ ಸಭೆಯ ವಾದ ರುಚಿ, ಸಂಪ್ರದಾಯ, ‘ನಾವೂ ತಿಂದೇ ದೊಡ್ಡವರಾದೆವು’ ಎಂಬಲ್ಲಿಗೆ ಜಾರುವುದಿಲ್ಲ.

ಈ ಲೆಕ್ಕದಲ್ಲಿ ಎಡವುವುದು ಎಲ್ಲಿ? ಮೊದಲನೆಯದು, ‘ಒಂದು ಸರ್ವಿಂಗ್’ ಎಂಬ ಕಲಂ. ಮೇಲಿನ ಪೊಟ್ಟಣ 75 ಗ್ರಾಮಿನದು, ಸರ್ವಿಂಗ್ 15 ಗ್ರಾಂ ಎಂದು ಬರೆದಿದ್ದರೆ ಮುಂಬದಿಯಲ್ಲಿ ‘72 ಕಿಲೋಕ್ಯಾಲರಿ, ಸಕ್ಕರೆ 3.9 ಗ್ರಾಂ ಮಾತ್ರ’ ಎಂದು ಹಾಕಬಹುದು. ಮಗು ಪೊಟ್ಟಣ ಖಾಲಿ ಮಾಡಿದರೆ ಒಳಗೆ ಹೋಗುವುದು 360 ಕಿಲೋಕ್ಯಾಲರಿ, 19.5 ಗ್ರಾಂ ಸಕ್ಕರೆ. ಯಾವಾಗಲೂ 100 ಗ್ರಾಂ ಅಥವಾ 100 ಮಿಲಿಲೀಟರ್ ಕಲಂ ಓದಿ. ಎರಡನೆಯದು, ಕೆಲವು ದೇಶಗಳಲ್ಲಿ ಸೋಡಿಯಂ ಬದಲು ಉಪ್ಪನ್ನು ಬರೆಯುತ್ತಾರೆ. ಉಪ್ಪಿನ ಗ್ರಾಮನ್ನು 2.5ರಿಂದ ಭಾಗಿಸಿದರೆ ಸೋಡಿಯಂ ಸಿಗುತ್ತದೆ. ಮೂರನೆಯದು, ಹಾಲು ಹಣ್ಣು ಇರುವ ತಿಂಡಿಯಲ್ಲಿ ‘ಒಟ್ಟು ಸಕ್ಕರೆ’ಯನ್ನೇ ‘ಸೇರಿಸಿದ ಸಕ್ಕರೆ’ ಎಂದು ಹಿಡಿದರೆ ತಪ್ಪಾಗುತ್ತದೆ, ಎದುರಿನವರು ಅದನ್ನೇ ಎತ್ತಿ ಹಿಡಿಯುತ್ತಾರೆ. ಅಂಥವನ್ನು ಪಟ್ಟಿಯಲ್ಲಿ ಬೇರೆ ಇಡಿ.

ಪಾನೀಯಕ್ಕೆ ಇಷ್ಟು ಲೆಕ್ಕವೂ ಬೇಡ. ಸಾಮಾನ್ಯ ಕೋಲಾದಲ್ಲಿ 100 ಮಿಲಿಲೀಟರಿಗೆ ಸುಮಾರು 10.6 ಗ್ರಾಂ ಸಕ್ಕರೆ. ಅರ್ಧ ಲೀಟರ್ ಬಾಟಲಿಗೆ 53 ಗ್ರಾಂ, 212 ಕಿಲೋಕ್ಯಾಲರಿ. ದಿನಕ್ಕೆ 1,800 ಕಿಲೋಕ್ಯಾಲರಿ ಬೇಕಾದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಶೇ. 10ರ ಮಿತಿಯೆಂದರೆ 45 ಗ್ರಾಂ, ಸಾಧ್ಯವಾದರೆ ಶೇ. 5, ಅಂದರೆ 22.5 ಗ್ರಾಂ. ಒಂದೇ ಬಾಟಲಿ ದಿನದ ಮಿತಿ ದಾಟಿಸುತ್ತದೆ. ಹೊಟ್ಟೆ ಮಾತ್ರ ತುಂಬುವುದಿಲ್ಲ, ಊಟ ಯಥಾಪ್ರಕಾರ ಆಗುತ್ತದೆ.

‘ಹಾಗಾದರೆ ಸಕ್ಕರೆರಹಿತ ಪಾನೀಯ ಇಡೋಣ’ ಎಂಬ ರಾಜಿ ಬಂದೇ ಬರುತ್ತದೆ. ತೂಕ ಹಿಡಿತದಲ್ಲಿಡಲು ಕೃತಕ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮೆಕ್ಸಿಕೊದಲ್ಲಿ ಅವಿರುವ ಪೊಟ್ಟಣದ ಮೇಲೆ ಮಕ್ಕಳಿಗೆ ತಕ್ಕುದಲ್ಲ ಎಂದೇ ಮುದ್ರಿಸಬೇಕು. ಶಾಲೆಗೆ ನೀರು, ಸಾದಾ ಹಾಲು ಸಾಕು.

ಹಂತ 4: ಶಾಲೆಯ ನಿಯಮ ಬರೆಯುವುದು

ಶಾಲೆಗೆ ಕೊಡುವ ಮನವಿ ಎರಡು ಪುಟ ಮೀರದಿರಲಿ: ಒಂದು ಪುಟ ಎಣಿಕೆ, ಒಂದು ಪುಟ ಕರಡು ನಿಯಮ. ಜಾಗೃತಿ ಭಾಷಣ, ಪೋಸ್ಟರ್ ಸ್ಪರ್ಧೆಗಳನ್ನು ಕೇಳಬೇಡಿ. ಶಾಲೆ ಖುಷಿಯಿಂದ ಒಪ್ಪಿಬಿಡುತ್ತದೆ, ಮಾರಾಟ ಹಾಗೇ ಮುಂದುವರಿಯುತ್ತದೆ. ತರಗತಿಯಲ್ಲಿ ಸಮತೂಕದ ಆಹಾರದ ಪಾಠ, ಹೊರಗೆ ಕೌಂಟರಿನಲ್ಲಿ ಅದಕ್ಕೆ ವಿರುದ್ಧದ ಪಾಠ: ಮಕ್ಕಳು ಕಲಿಯುವುದು ಎರಡನೆಯದನ್ನು.

ಕರಡಿನಲ್ಲಿ ಇರಬೇಕಾದವು:

*ಮಾರಾಟ.* ‘ಇಂಥ ಮಿತಿ ಪಟ್ಟಿಯಲ್ಲಿ ಒಂದು ಅಂಶದಲ್ಲಾದರೂ ಹೆಚ್ಚು ಎಂದು ಬರುವ ಯಾವುದೇ ಆಹಾರ, ಪಾನೀಯವನ್ನು ಆವರಣದಲ್ಲಿ ಮಾರುವಂತಿಲ್ಲ, ಬಹುಮಾನವಾಗಿ ಕೊಡುವಂತಿಲ್ಲ, ನಿಧಿ ಸಂಗ್ರಹಕ್ಕೆ ಬಳಸುವಂತಿಲ್ಲ.’ ಬಹುಮಾನ, ನಿಧಿ ಸಂಗ್ರಹ ಎಂಬ ಎರಡು ಪದ ಬಿಟ್ಟರೆ ನಿಯಮ ಸೋರಿಹೋಗುತ್ತದೆ. ಚಿಲಿ ದೇಶದ ಕಾನೂನು 2016ರ ಜೂನ್‌ನಿಂದ ಮಾಡಿರುವುದೂ ಇದನ್ನೇ: ಕ್ಯಾಲರಿ, ಸಕ್ಕರೆ, ಸ್ಯಾಚುರೇಟೆಡ್ ಕೊಬ್ಬು, ಸೋಡಿಯಂ ಇವುಗಳಲ್ಲಿ ಯಾವುದಾದರೂ ಮಿತಿ ಮೀರಿದ ಪೊಟ್ಟಣಕ್ಕೆ ಎಂಟು ಮೂಲೆಯ ಕಪ್ಪು ಮುದ್ರೆ, ಮುದ್ರೆ ಇರುವ ಯಾವುದನ್ನೂ ಶಾಲೆಯಲ್ಲಿ ಮಾರುವಂತಿಲ್ಲ, ಅದರ ಮೇಲೆ ಕಾರ್ಟೂನು ಹಾಕುವಂತಿಲ್ಲ, ಆಟಿಕೆ ಕೊಡುವಂತಿಲ್ಲ. ಒಂದೇ ಅಂಕಿ ಮೂರು ಕೆಲಸಕ್ಕೂ ಬಳಕೆಯಾಗುವುದರಿಂದ ಅಲ್ಲಿ ತಪಾಸಣೆ ಸುಲಭ. ಅಲ್ಲಿಯೂ ಮಿತಿಯನ್ನು ಒಂದೇ ಸಲ ಬಿಗಿ ಮಾಡಲಿಲ್ಲ, 2016, 2018, 2019 ಎಂದು ಮೂರು ಮೆಟ್ಟಿಲಲ್ಲಿ ಇಳಿಸಿದರು. ನಿಮ್ಮ ಶಾಲೆಗೂ ಅದು ಸರಿಹೋಗುತ್ತದೆ: ಮೊದಲ ಅವಧಿಯಲ್ಲಿ ಪಾನೀಯ, ಎರಡನೆಯದರಲ್ಲಿ ತಿಂಡಿ.

*ಗುತ್ತಿಗೆ.* ಇದು ಇಡೀ ಕೆಲಸದ ಕೀಲು. ಕ್ಯಾಂಟೀನಿನವರ ಗುತ್ತಿಗೆ ಪತ್ರದಲ್ಲಿ ಷರತ್ತಾಗಿ ಸೇರದ ನಿಯಮ ಗೋಡೆಯ ಮೇಲೆ ಮಾತ್ರ ಇರುತ್ತದೆ. ಗುತ್ತಿಗೆ ಯಾವತ್ತು ಮುಗಿಯುತ್ತದೆ ನೋಡಿ. ಇನ್ನೂ ಎರಡು ವರ್ಷ ಇದ್ದರೆ, ನಡುವಿನಲ್ಲಿ ಷರತ್ತು ಬದಲಿಸುವ ಅವಕಾಶ ಪತ್ರದಲ್ಲಿದೆಯೇ ಓದಿ. ಮಾರಾಟದ ಪಾಲು ಶಾಲೆಗೆ ಸಿಗುವ ಒಪ್ಪಂದವಿದ್ದರೆ, ಹೆಚ್ಚು ಮಾರಿದಷ್ಟೂ ಶಾಲೆಗೆ ಲಾಭ ಎಂದಾಯಿತು. ಅದರ ಬದಲು ನಿಗದಿತ ಬಾಡಿಗೆ ಕೇಳಿ. ಫ್ರಿಜ್ ಉಚಿತವಾಗಿ ಕೊಟ್ಟ ಕಂಪನಿ ಅದರಲ್ಲಿ ತನ್ನ ಪಾನೀಯವನ್ನೇ ಇಡಬೇಕು ಎಂಬ ಷರತ್ತು ಹಾಕಿರಬಹುದು, ಆ ಕಾಗದವನ್ನೂ ಕೇಳಿ ನೋಡಿ.

*ನೀರು.* ಸಿಹಿ ಪಾನೀಯ ತೆಗೆಯುವ ಮೊದಲೇ ನೀರಿನ ವ್ಯವಸ್ಥೆ ಆಗಿರಬೇಕು. ಜರ್ಮನಿಯ ಡಾರ್ಟ್‌ಮಂಡ್, ಎಸ್ಸೆನ್ ನಗರಗಳ 32 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಗುಂಪಿನ ಶಾಲೆಗಳಿಗೆ ಕುಡಿಯುವ ನೀರಿನ ಕಾರಂಜಿ, ಮಕ್ಕಳಿಗೆ ಬಾಟಲಿ, ಜೊತೆಗೆ ಕೆಲವು ಪಾಠ ಕೊಟ್ಟರು. ವರ್ಷದ ಕೊನೆಗೆ ಅಲ್ಲಿ ಅತಿತೂಕದ ಅಪಾಯ ಉಳಿದ ಶಾಲೆಗಳಿಗಿಂತ ಶೇ. 31 ಕಡಿಮೆ ಇತ್ತು. ಇಷ್ಟು ಅಗ್ಗದ ಉಪಾಯ ಇನ್ನೊಂದು ಸಿಗುವುದು ಕಷ್ಟ. ಆದರೆ ನಲ್ಲಿ ಶೌಚಾಲಯದ ಪಕ್ಕ ಇದ್ದರೆ, ನೀರು ಬಿಸಿಯಾಗಿದ್ದರೆ, ಬಾಟಲಿ ಹಿಡಿಸುವಷ್ಟು ಎತ್ತರ ಇಲ್ಲದಿದ್ದರೆ ಮಕ್ಕಳು ಮುಟ್ಟುವುದಿಲ್ಲ. ಸ್ವಚ್ಛತೆ ಯಾರ ಹೊಣೆ, ನೀರಿನ ಪರೀಕ್ಷೆ ಯಾವಾಗ ಎಂದು ನಿಯಮದಲ್ಲೇ ಬರೆಯಿರಿ.

*ಊಟದ ಹೊತ್ತು.* ಸಾಲಿನಲ್ಲಿ ನಿಲ್ಲುವ ಸಮಯ ಬಿಟ್ಟು, ಕೂತು ತಿನ್ನಲು ಕನಿಷ್ಠ 20 ನಿಮಿಷ. ಆಟದ ಬಿಡುವು ಊಟಕ್ಕೆ ಮೊದಲು ಇರಲಿ, ನಂತರ ಬೇಡ. ಊಟದ ನಂತರ ಆಟವಿದ್ದರೆ ಮಕ್ಕಳು ತರಕಾರಿ ಹಣ್ಣನ್ನು ತಟ್ಟೆಯಲ್ಲೇ ಬಿಟ್ಟು ಓಡುತ್ತಾರೆ. ಖರ್ಚಿಲ್ಲದ ಬದಲಾವಣೆ, ವೇಳಾಪಟ್ಟಿ ತಿದ್ದಿದರೆ ಆಯಿತು.

*ಪ್ರಾಯೋಜಕತ್ವ.* ಉತ್ಪನ್ನದ ಹೆಸರು ಮಾತ್ರ ಬೇಡ ಎಂದರೆ ಕಂಪನಿಯ ಹೆಸರು ಬರುತ್ತದೆ. ಆದ್ದರಿಂದ ‘ಮಿತಿ ಮೀರಿದ ಉತ್ಪನ್ನಗಳಿಗೆ ಹೆಸರಾದ ಕಂಪನಿಯ ಹೆಸರು, ಲಾಂಛನ, ಬಣ್ಣ, ಪಾತ್ರ’ ಎಂದು ಬಿಡಿಸಿ ಬರೆಯಿರಿ. ಕ್ರೀಡಾಕೂಟಕ್ಕೆ ಹಣ ಕೊಡುವ ತಂಪು ಪಾನೀಯ ಕಂಪನಿ ಹೇಳುವುದು ಒಂದೇ: ಸಮಸ್ಯೆ ತಿನ್ನುವುದರಲ್ಲಿಲ್ಲ, ಆಡದಿರುವುದರಲ್ಲಿದೆ. ದಿನಕ್ಕೆ 60 ನಿಮಿಷ ಚಟುವಟಿಕೆ ಮಕ್ಕಳಿಗೆ ಬೇಕೇ ಬೇಕು. ಆದರೆ ಮೇಲೆ ಲೆಕ್ಕ ಹಾಕಿದ ಆ ಒಂದು ಬಾಟಲಿಯನ್ನು ಕರಗಿಸಲು ಮಗು ಒಂದು ಗಂಟೆಗೂ ಹೆಚ್ಚು ಬಿರುಸಾಗಿ ನಡೆಯಬೇಕು. ಆಟದ ಹೊತ್ತನ್ನು ಬಾಟಲಿಯ ಸಾಲ ತೀರಿಸಲು ಇಡುವುದು ಯಾವ ನ್ಯಾಯ?

*ಹೊಣೆ.* ಯಾರು ತಪಾಸಣೆ ಮಾಡುತ್ತಾರೆ, ತಿಂಗಳ ಯಾವ ವಾರ, ತಪ್ಪಿದರೆ ಮೊದಲ ಸಲ ಏನು, ಎರಡನೇ ಸಲ ಏನು. ಹುದ್ದೆಯ ಹೆಸರು ಬರೆಯಿರಿ, ‘ಸಂಬಂಧಪಟ್ಟವರು’ ಎಂದು ಬರೆದರೆ ಯಾರಿಗೂ ಸಂಬಂಧವಿರುವುದಿಲ್ಲ.

ಹಂತ 5: ಸ್ಥಳೀಯ ಆಡಳಿತದ ಬಳಿ ಏನು ಕೇಳಬೇಕು, ಏನು ಕೇಳಬಾರದು

ತೆರಿಗೆ, ಪೊಟ್ಟಣದ ಮುದ್ರೆ, ಟಿವಿ ಜಾಹೀರಾತು ಇವು ಸಾಮಾನ್ಯವಾಗಿ ಮೇಲಿನ ಸರ್ಕಾರದ ಕೈಯಲ್ಲಿರುತ್ತವೆ. ಅಮೆರಿಕದ ಬರ್ಕ್ಲಿಯಂತೆ (2014) ನಗರವೇ ಸಿಹಿ ಪಾನೀಯಕ್ಕೆ ತೆರಿಗೆ ಹಾಕಿದ ಉದಾಹರಣೆ ಇದ್ದರೂ ಎಲ್ಲ ಕಡೆ ಆ ಅಧಿಕಾರ ಇರುವುದಿಲ್ಲ. ಅಧಿಕಾರ ಇಲ್ಲದ್ದನ್ನು ಕೇಳಿದರೆ ‘ಮೇಲೆ ಕಳಿಸಿದ್ದೇವೆ’ ಎಂಬ ಒಂದು ಸಾಲಿನ ಉತ್ತರದಲ್ಲಿ ನಿಮ್ಮ ಅರ್ಜಿ ಮುಗಿಯುತ್ತದೆ. ಅವರ ಕೈಯಲ್ಲೇ ಇರುವುದನ್ನು ಕೇಳಿ.

ಮೊದಲನೆಯದು, ಅವರದೇ ಸ್ವತ್ತಿನ ಮೇಲಿನ ಜಾಹೀರಾತು: ಬಸ್ ತಂಗುದಾಣ, ಬಸ್ಸಿನ ಮೈ, ಕಂಬ, ಆಟದ ಮೈದಾನದ ಬೇಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಬಾಡಿಗೆ ಕರಾರಿನಲ್ಲಿ ಒಂದು ಷರತ್ತು ಸಾಕು. ಲಂಡನ್ನಿನ ಸಾರಿಗೆ ಸಂಸ್ಥೆ 2019ರ ಫೆಬ್ರವರಿಯಿಂದ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ಆಹಾರದ ಜಾಹೀರಾತನ್ನು ರೈಲು, ಬಸ್ಸು, ನಿಲ್ದಾಣಗಳಿಂದ ತೆಗೆಯಿತು. ಆಮೇಲೆ ನಡೆದ ಅಧ್ಯಯನದ ಅಂದಾಜಿನಲ್ಲಿ, ನಿಷೇಧ ಇಲ್ಲದಿದ್ದರೆ ಆಗುತ್ತಿದ್ದ ಖರೀದಿಗೆ ಹೋಲಿಸಿದರೆ ಇಂಥ ಆಹಾರದಿಂದ ಬರುವ ಕ್ಯಾಲರಿ ಮನೆಯೊಂದಕ್ಕೆ ವಾರಕ್ಕೆ ಸುಮಾರು 1,000 ಕಿಲೋಕ್ಯಾಲರಿ ಕಡಿಮೆಯಾಗಿತ್ತು.

ಎರಡನೆಯದು, ಅಂಗಡಿಗಳ ಪರವಾನಗಿ. ಇಂಗ್ಲೆಂಡಿನ ಗೇಟ್ಸ್‌ಹೆಡ್ ಆಡಳಿತ 2015ರಿಂದ, 10-11 ವರ್ಷದ ಮಕ್ಕಳಲ್ಲಿ ಶೇ. 10ಕ್ಕಿಂತ ಹೆಚ್ಚು ಬೊಜ್ಜು ಇರುವ ವಾರ್ಡುಗಳಲ್ಲಿ ಹೊಸ ಬಿಸಿ ತಿಂಡಿ ಪಾರ್ಸೆಲ್ ಅಂಗಡಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿತು. ಭಾರತದ 2020ರ ಶಾಲಾ ಆಹಾರ ನಿಯಮ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ಆಹಾರದ ಮಾರಾಟವನ್ನು ತಡೆಯುತ್ತದೆ. ದೂರ ಎಷ್ಟೇ ಇರಲಿ, ಅಳೆಯುವುದು ಎಲ್ಲಿಂದ ಎಲ್ಲಿಗೆ ಎಂದು ಬರೆದಿರಬೇಕು. ಗೇಟಿನಿಂದ ಅಂಗಡಿಯ ಬಾಗಿಲಿಗೋ, ಕಾಂಪೌಂಡಿನ ಮೂಲೆಗೋ?

ಅರೆಬರೆ ನಿಯಮ ಹೇಗೆ ಸೋಲುತ್ತದೆ ಎನ್ನುವುದಕ್ಕೆ ದಕ್ಷಿಣ ಲಾಸ್ ಏಂಜಲೀಸ್ ನೋಡಿ. 2008ರಲ್ಲಿ ಅಲ್ಲಿ ಹೊಸ ಫಾಸ್ಟ್‌ಫುಡ್ ಮಳಿಗೆಗಳಿಗೆ ತಡೆ ಬಂತು, ಆದರೆ ಒಂಟಿ ಕಟ್ಟಡದಲ್ಲಿರುವವಕ್ಕೆ ಮಾತ್ರ. ಇರುವ ಮಳಿಗೆಗಳು ಉಳಿದವು, ವಾಣಿಜ್ಯ ಸಂಕೀರ್ಣಗಳೊಳಗೆ ಹೊಸವು ತೆರೆದವು, ಸಣ್ಣ ಅಂಗಡಿಗಳ ಪೊಟ್ಟಣದ ತಿಂಡಿಯನ್ನು ಯಾರೂ ಮುಟ್ಟಲಿಲ್ಲ. 2015ರಲ್ಲಿ ಬಂದ ಅಧ್ಯಯನದ ಪ್ರಕಾರ ಬೊಜ್ಜು ಇಳಿಯುವ ಬದಲು ಏರಿತ್ತು. ಕೇಳುವಾಗ ‘ಹೊಸ ಮಳಿಗೆ’ಗಷ್ಟೇ ನಿಲ್ಲಬೇಡಿ, ಇರುವವುಗಳ ಪರವಾನಗಿ ನವೀಕರಣದ ಹೊತ್ತಿಗೆ ಷರತ್ತು ಸೇರಿಸಬಹುದೇ ಎಂದೂ ಕೇಳಿ.

ಗಡಿಯ ಸಮಸ್ಯೆಯೂ ಇದೆ. ಡೆನ್ಮಾರ್ಕ್ 2011ರಲ್ಲಿ ಸ್ಯಾಚುರೇಟೆಡ್ ಕೊಬ್ಬಿಗೆ ತೆರಿಗೆ ಹಾಕಿತು, ಜನ ಗಡಿ ದಾಟಿ ಕೊಂಡು ತರುತ್ತಾರೆ ಎಂಬ ಕೂಗೆದ್ದು 2013ರ ಆರಂಭಕ್ಕೆ ತೆಗೆದುಹಾಕಿತು. ಷಿಕಾಗೊ ಇರುವ ಕುಕ್ ಕೌಂಟಿಯ ಸಿಹಿ ಪಾನೀಯ ತೆರಿಗೆ 2017ರಲ್ಲಿ ನಾಲ್ಕೇ ತಿಂಗಳು ಬದುಕಿತು. ಇದಕ್ಕೆ ಎದುರಾಗಿ ಬ್ರಿಟನ್ನಿನ ಪಾನೀಯ ತೆರಿಗೆಯನ್ನು 2016ರಲ್ಲಿ ಘೋಷಿಸಿ 2018ರ ಏಪ್ರಿಲ್‌ನಲ್ಲಿ ಜಾರಿ ಮಾಡಿದರು. 100 ಮಿಲಿಲೀಟರಿಗೆ 5 ಗ್ರಾಂ ಸಕ್ಕರೆಗಿಂತ ಕೆಳಗಿದ್ದರೆ ತೆರಿಗೆ ಇಲ್ಲ, 5ರಿಂದ 8ಕ್ಕೆ ಒಂದು ದರ, 8 ಮುಟ್ಟಿದರೆ ಇನ್ನೂ ಹೆಚ್ಚು. ಆ ಎರಡು ವರ್ಷದ ಗಡುವಿನಲ್ಲೇ ಹಲವು ಕಂಪನಿಗಳು ಸಕ್ಕರೆಯನ್ನು 5ರ ಕೆಳಗಿಳಿಸಿದವು. ಸ್ಪಷ್ಟ ಅಂಕಿ, ಮುಂಗಡ ದಿನಾಂಕ ಇವೆರಡೂ ಇದ್ದರೆ ಮಾರುವವರು ತಾವೇ ದಾರಿ ಹುಡುಕುತ್ತಾರೆ. ನಿಮ್ಮ ವಾರ್ಡಿನ ಸಣ್ಣ ಷರತ್ತಿಗೂ ಇದೇ ಸೂತ್ರ ಹಿಡಿಯಿರಿ.

ಸಾರ್ವಜನಿಕ ನೀರಿನ ನಲ್ಲಿ, ಶಾಲೆಗೆ ನಡೆದು ಬರಲು ಸುರಕ್ಷಿತ ದಾರಿ, ಸಂಜೆ ಮೈದಾನ ತೆರೆದಿಡುವುದು ಇವೂ ಅವರ ಕೈಯಲ್ಲೇ ಇವೆ. ಯಾರೂ ವಿರೋಧಿಸುವುದಿಲ್ಲವಾದ್ದರಿಂದ ಒಂದೇ ಅರ್ಜಿಯಲ್ಲಿ ಎಲ್ಲವನ್ನೂ ಹಾಕಿದರೆ ಇವನ್ನಷ್ಟೇ ಮಾಡಿ ಜಾಹೀರಾತಿನ ವಿಚಾರ ಕೈಬಿಡುತ್ತಾರೆ. ಬೇರೆ ಬೇರೆ ಅರ್ಜಿ ಕೊಡಿ.

ಹಂತ 6: ಎದುರು ಬರುವ ಮಾತುಗಳು

‘ಆದಾಯ ಹೋಗುತ್ತದೆ.’ ಎಷ್ಟು ಹೋಗುತ್ತದೆ ಎಂದು ಲೆಕ್ಕ ಕೇಳಿ. ಶಾಲೆಗೆ ನಿಜವಾಗಿ ಬರುವ ಪಾಲು ಎಲ್ಲರೂ ಅಂದುಕೊಂಡಿದ್ದಕ್ಕಿಂತ ಚಿಕ್ಕದಿರಬಹುದು. ಅಂಕಿ ಮೇಜಿನ ಮೇಲೆ ಬಂದರೆ ಬೇರೆ ಮೂಲ ಹುಡುಕುವ ಮಾತು ಶುರುವಾಗುತ್ತದೆ.

‘ಒಳಗೆ ಸಿಗದಿದ್ದರೆ ಹೊರಗೆ ಹೋಗುತ್ತಾರೆ.’ ಕೆಲವರು ಹೋಗುತ್ತಾರೆ, ನಿಜ. ಅದಕ್ಕೇ ಹಂತ 4, ಹಂತ 5 ಎರಡೂ ಬೇಕು. ಬಿಡುವಿನ ಹೊತ್ತು ಗೇಟು ತೆರೆದಿರುವ ಶಾಲೆಯಲ್ಲಿ ಒಳಗಿನ ನಿಯಮವೊಂದೇ ಕೆಲಸ ಮಾಡುವುದಿಲ್ಲ.

‘ನಾವು ಮಕ್ಕಳಿಗಾಗಿ ಜಾಹೀರಾತು ಮಾಡುವುದಿಲ್ಲ.’ ಕಂಪನಿಗಳ ಸ್ವಯಂ ಘೋಷಿತ ಸಂಹಿತೆಗಳಲ್ಲಿ ಈ ವಾಕ್ಯ ಮಾಮೂಲು. ಮಕ್ಕಳು ನೋಡುವುದು ಮಕ್ಕಳ ಕಾರ್ಯಕ್ರಮವನ್ನು ಮಾತ್ರವಲ್ಲ. ಪಂದ್ಯ, ಹಾಡಿನ ಸ್ಪರ್ಧೆ, ಧಾರಾವಾಹಿಗಳನ್ನೂ ನೋಡುತ್ತಾರೆ. ಚಿಲಿ ಮೊದಲು ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ತಡೆಯಿತು, 2018ರಿಂದ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಟಿವಿಯಲ್ಲಿ ಮಿತಿ ಮೀರಿದ ಉತ್ಪನ್ನಗಳ ಜಾಹೀರಾತೇ ಬೇಡ ಎಂದಿತು. ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮಾರ್ಗಸೂಚಿಯಲ್ಲಿ ಸ್ವಯಂಪ್ರೇರಿತ ಸಂಹಿತೆ ಸಾಲದು, ಕಡ್ಡಾಯ ನಿಯಮ ಬೇಕು ಎಂದೇ ಹೇಳಿದೆ.

ಹಂತ 7: ಮರು ಎಣಿಕೆ

ನಿಯಮ ಜಾರಿಯಾದ ಮೂರು ತಿಂಗಳಿಗೆ ಹಂತ 2ನ್ನು ಅದೇ ನೋಟ್‌ಬುಕ್, ಅದೇ ದಾರಿ, ಅದೇ ಹೊತ್ತಿನಲ್ಲಿ ಮತ್ತೆ ಮಾಡಿ. ಮಕ್ಕಳ ತೂಕ ಇಳಿಯಿತೇ ಎಂದು ಕೇಳುವವರಿಗೆ ಮೊದಲೇ ಹೇಳಿಡಿ: ಅದು ಮೂರು ತಿಂಗಳಲ್ಲಿ ಕಾಣುವ ಸಂಗತಿಯಲ್ಲ. ಇಡೀ ಊರು, ಶಾಲೆ, ಹೋಟೆಲು ಎಲ್ಲ ಸೇರಿ ಕೆಲಸ ಮಾಡಿದ ಅಮೆರಿಕದ ಸೋಮರ್ವಿಲ್ ಪಟ್ಟಣದಲ್ಲೂ ಮೊದಲ ವರ್ಷ ಕಂಡ ಬದಲಾವಣೆ ಸಣ್ಣದೇ. ನೀವು ತೋರಿಸಬೇಕಾದದ್ದು ಬೇರೆ: ಮಿತಿ ಮೀರಿದ ಉತ್ಪನ್ನ ಎಷ್ಟಿದ್ದದ್ದು ಎಷ್ಟಾಯಿತು, ಒಳಗಿನ ಲಾಂಛನ ಎಷ್ಟು ಉಳಿದಿವೆ, ನೀರಿನ ನಲ್ಲಿ ಕೆಲಸ ಮಾಡುತ್ತಿದೆಯೇ, ಕ್ಯಾಂಟೀನಿನಲ್ಲಿ ಏನು ಖರ್ಚಾಗುತ್ತಿದೆ.

ಮರು ಎಣಿಕೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಬದಲಿ ವಸ್ತುಗಳು. ಕೋಲಾ ಹೋದ ಕಪಾಟಿನಲ್ಲಿ ‘ಹಣ್ಣಿನ ಪಾನೀಯ’, ‘ಎನರ್ಜಿ ಹಾಲು’, ‘ಮಲ್ಟಿಗ್ರೇನ್’ ಬಿಸ್ಕತ್ತು ಬಂದು ಕೂತಿರುತ್ತವೆ. ಹೆಸರು ನೋಡಿ ಬಿಡಬೇಡಿ, ಹಂತ 3ರ ಲೆಕ್ಕಕ್ಕೆ ಹಾಕಿ. ಮುಖ್ಯೋಪಾಧ್ಯಾಯರು ಅಥವಾ ಆಡಳಿತಾಧಿಕಾರಿ ವರ್ಗವಾದಾಗ ನಿಯಮ ಮರೆತುಹೋಗುವುದು ಇನ್ನೊಂದು; ಹೊಸಬರು ಬಂದ ವಾರವೇ ಎಣಿಕೆಯ ಹಾಳೆ, ನಿಯಮದ ಪ್ರತಿ, ಗುತ್ತಿಗೆಯ ಷರತ್ತು ಇವು ಮೂರನ್ನೂ ಒಂದೇ ಕಡತದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗುತ್ತಿಗೆ ಮುಗಿಯುವ ದಿನಕ್ಕೆ ಮೂರು ತಿಂಗಳು ಮೊದಲಿನ ಒಂದು ದಿನಾಂಕವನ್ನು ಗುಂಪಿನ ಇಬ್ಬರ ಫೋನಿನಲ್ಲಿ ಈಗಲೇ ಗುರುತು ಹಾಕಿಡಿ. ಟೆಂಡರ್ ಹಾಳೆ ಅಚ್ಚಾದ ಮೇಲೆ ಷರತ್ತು ಸೇರಿಸಿ ಎಂದರೆ ಮುಂದಿನ ಗುತ್ತಿಗೆಯವರೆಗೆ ಕಾಯಬೇಕಾಗುತ್ತದೆ.